ಹಳೆಯ ಗಾಡಿಗೆ ಗುಜರಿಯ ಬ್ರೇಕು

ಮಾರಿಸ್ ಮೈನರ್ ಎಂಬ ಪುಟ್ಟ ಮೋಟಾರು ಇಂಗ್ಲೆಂಡಿನಲ್ಲಿ 1948ರಲ್ಲಿ ಹುಟ್ಟಿತು. ಅದರ ಒಡಹುಟ್ಟು ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಿಂದ ನಮ್ಮ ದೇಶದಲ್ಲಿಯೂ ಓಡಾಡಿದುದನ್ನು ಹಿರಿಯ ವಾಚಕರು ಬಲ್ಲರು. ಅದರ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು. ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದರೆ ಡ್ರಮ್ಮು ಕಾದು ಹಿಗ್ಗಿ, ಒಳಗಿನ ಲೈನಿಂಗಿನಿಂದ ದೂರ ಸರಿಯುತ್ತದೆ. ಪೆಡಲು ಇಳಿಯುತ್ತದೆ, ಗಾಡಿ ನಿಲ್ಲದು.

ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ತಮ್ಮನಲ್ಲಿ ಅಂಥದೊಂದಿದೆ. ಮಕ್ಕಳನ್ನು ಕೂರಿಸಿಕೊಂಡು ಗುಡ್ಡದ ದಾರಿ ಇಳಿಯುವವನು. ಪರಿಹಾರ ದೊರೆತದ್ದು ಗುಜರಿಯಲ್ಲಿ. 1971ರಲ್ಲಿ ಬಂದ ಮಾರಿಸ್ ಮರೀನಾದ ಮುಂಗಾಲಿಯ ಏರ್ಪಾಡು ಮೈನರಿನದರಿಂದಲೇ ಬೆಳೆದದ್ದು. ಆದುದರಿಂದ ಮರೀನಾದ ಡಿಸ್ಕು, ಕ್ಯಾಲಿಪರುಗಳನ್ನು ಮೈನರಿಗೆ ಒಗ್ಗಿಸಬಹುದು. ವ್ಯಾಕರಣ ಪಾಠ ಹೇಳುವ ನನಗೆ ಇದು ಸಂತೋಷದ ಸಂಗತಿ: ಧಾತು ಒಂದೇ, ಪ್ರತ್ಯಯ ಬೇರೆ.

“ಅಣ್ಣ, ಕಬ್ಬಿಣ ಹಳೆಯದಾದರೂ ನಡೆದೀತು, ರಬ್ಬರು ಹಳೆಯದಾಗಬಾರದು” ಎಂದ. ಡಿಸ್ಕಿನ ದಪ್ಪವನ್ನು ಅಳೆದ. ಪಿಸ್ಟನ್ನುಗಳಿಗೆ ತುಕ್ಕು ಹಿಡಿದಿಲ್ಲವೆಂದು ಖಚಿತಪಡಿಸಿಕೊಂಡ. ಸೀಲು, ರಬ್ಬರು ಕೊಳವೆ, ಪ್ಯಾಡುಗಳೆಲ್ಲ ಹೊಸವು. ಇನ್ನೊಂದು ಸೂಕ್ಷ್ಮವುಂಟು. ಡ್ರಮ್ಮಿಗೆಂದು ಮಾಸ್ಟರ್ ಸಿಲಿಂಡರಿನಲ್ಲಿ, ಎಣ್ಣೆಯ ಒತ್ತಡವನ್ನು ಸದಾ ತುಸು ಹಿಡಿದಿಡುವ ಕವಾಟವೊಂದಿದೆ. ಅದನ್ನು ತೆಗೆಯದಿದ್ದರೆ ಪ್ಯಾಡು ಡಿಸ್ಕನ್ನು ಬಿಡದೆ ಉಜ್ಜಿ ಉಜ್ಜಿ ಕಾಯುತ್ತದೆ. ತಮ್ಮ ಅರ್ಧ ದಿನ ಕಳೆದದ್ದು ಅದರೊಡನೆಯೇ. ಸಿಲಿಂಡರು ಚಾಲಕನ ಕಾಲ ಕೆಳಗೆ, ನೆಲದಡಿಯಲ್ಲಿ ಅಡಗಿ ಕುಳಿತಿರುತ್ತದೆ.

ಡ್ರಮ್ಮು ತಿರುಗುವ ರಭಸವೇ ಅದರ ಬ್ರೇಕನ್ನು ಬಿಗಿಯುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಪಾದಕ್ಕೆ ಹೆಚ್ಚು ಬಲ ಬೇಕು. ಅನೇಕರು ಸರ್ವೋ ಜೋಡಿಸುತ್ತಾರೆ, ಇವನು ಜೋಡಿಸಲಿಲ್ಲ. ಗಾಡಿ ಚೆನ್ನಾಗಿ ನಿಲ್ಲುತ್ತದೆಂದು ಒಪ್ಪಿದ ಅವನ ಹೆಂಡತಿ, ಕಾಲು ನೋಯುತ್ತದೆಂದಳು. ಈಗ ಗುಜರಿಯಲ್ಲಿ ಸರ್ವೋ ಹುಡುಕುತ್ತಿದ್ದಾನೆ.