ಸೌರಶಕ್ತಿಯ ಪರಿವರ್ತನೆ

ಸೂರ್ಯನಿಂದ ಬರುವ ಬೆಳಕು ಮತ್ತು ಶಾಖವನ್ನು ಹಿಡಿದು ಬೇರೊಂದು ರೂಪದ ಶಕ್ತಿಯಾಗಿ ಮಾರ್ಪಡಿಸುವ ಕ್ರಿಯೆಯನ್ನು ಸೌರಶಕ್ತಿಯ ಪರಿವರ್ತನೆ ಎನ್ನುತ್ತಾರೆ. ನಿಸರ್ಗದಲ್ಲಿ ಹಸಿರು ಸಸ್ಯಗಳು, ಪಾಚಿಗಳು ಮತ್ತು ಕೆಲವು ಬ್ಯಾಕ್ಟೀರಿಯಾಗಳು ದ್ಯುತಿಸಂಶ್ಲೇಷಣೆಯ ಮೂಲಕ ಈ ಕಾರ್ಯವನ್ನು ನಡೆಸುತ್ತವೆ. ತಂತ್ರಜ್ಞಾನದಲ್ಲಿ ಸೌರಕೋಶಗಳು ಬೆಳಕನ್ನು ವಿದ್ಯುತ್ತನ್ನಾಗಿಯೂ ಸೌರ ಜಲತಾಪಕಗಳು ಅದನ್ನು ಶಾಖವನ್ನಾಗಿಯೂ ಪರಿವರ್ತಿಸುತ್ತವೆ. ವಾತಾವರಣದ ಹೊರಗೆ, ಸೂರ್ಯನಿಗೆ ಅಭಿಮುಖವಾದ ಪ್ರತಿ ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಶಕ್ತಿ ತಲುಪುತ್ತದೆ. ಮೋಡವಿಲ್ಲದ ನಡುಹಗಲಿನಲ್ಲಿ ನೆಲವನ್ನು ಮುಟ್ಟುವುದು ಸುಮಾರು 1,000 ವ್ಯಾಟ್.

ನಿಸರ್ಗದಲ್ಲಿ

ಎಲೆಯಲ್ಲಿರುವ ಪತ್ರಹರಿತ್ತು ಮುಖ್ಯವಾಗಿ ನೀಲಿ ಮತ್ತು ಕೆಂಪು ಬೆಳಕನ್ನು ಹೀರುತ್ತದೆ. ಹಸಿರು ಬೆಳಕನ್ನು ಅಷ್ಟಾಗಿ ಹೀರದ ಕಾರಣ ಎಲೆ ಹಸಿರಾಗಿ ಕಾಣುತ್ತದೆ. ಹೀರಿದ ಶಕ್ತಿಯಿಂದ ನೀರಿನ ಅಣುಗಳು ಒಡೆದು ಆಮ್ಲಜನಕ ಹೊರಬೀಳುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನುಗಳ ಶಕ್ತಿಯನ್ನು ಬಳಸಿಕೊಂಡು ಸಸ್ಯವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುತ್ತದೆ. ಈ ಎರಡನೆಯ ಹಂತದ ರಾಸಾಯನಿಕ ಕ್ರಿಯೆಗಳನ್ನು ವಿವರಿಸಿದ್ದಕ್ಕಾಗಿ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಬೆಳೆಗಳು ತಮ್ಮ ಮೇಲೆ ಬೀಳುವ ಸೌರಶಕ್ತಿಯಲ್ಲಿ ಸಾಮಾನ್ಯವಾಗಿ ಶೇಕಡ 1ರಿಂದ 2ರಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಸೂರ್ಯಕಿರಣಗಳ ಅರ್ಧಕ್ಕಿಂತ ಹೆಚ್ಚು ಶಕ್ತಿ ದ್ಯುತಿಸಂಶ್ಲೇಷಣೆಗೆ ಒದಗದ ತರಂಗಗಳಲ್ಲಿದೆ. ಸಸ್ಯದ ಉಸಿರಾಟಕ್ಕೂ ಒಂದು ಪಾಲು ವ್ಯಯವಾಗುತ್ತದೆ. ರಾಗಿ, ಜೋಳ, ಕಬ್ಬುಗಳು ಇಂಗಾಲದ ಡೈಆಕ್ಸೈಡನ್ನು ಎಲೆಯೊಳಗೆ ಸಾಂದ್ರಗೊಳಿಸಿಕೊಳ್ಳುವುದರಿಂದ ಬಿಸಿಲುನಾಡಿನಲ್ಲಿ ಭತ್ತ ಮತ್ತು ಕಡಲೆಕಾಯಿಗಿಂತ ಸಮರ್ಥವಾಗಿ ಬೆಳಕನ್ನು ಬಳಸುತ್ತವೆ.

ತಂತ್ರಜ್ಞಾನದಲ್ಲಿ

ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು 1839ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕರೆಲ್ ಗುರುತಿಸಿದರು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಸುಮಾರು ಶೇಕಡ 6ರಷ್ಟು ದಕ್ಷತೆಯ ಸಿಲಿಕಾನ್ ಕೋಶವನ್ನು ಪ್ರದರ್ಶಿಸಿತು. ಸಿಲಿಕಾನಿಗೆ ಬೇರೆ ಬೇರೆ ಧಾತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ಎರಡು ಬಗೆಯ ಪದರಗಳನ್ನು ಮಾಡುತ್ತಾರೆ. ಬೆಳಕು ಬಿದ್ದಾಗ ಸಡಿಲಗೊಂಡ ಎಲೆಕ್ಟ್ರಾನುಗಳನ್ನು ಈ ಪದರಗಳ ಸಂಧಿಯಲ್ಲಿರುವ ವಿದ್ಯುತ್ ಕ್ಷೇತ್ರವು ಒಂದೇ ದಿಕ್ಕಿಗೆ ತಳ್ಳುತ್ತದೆ. ಅದೇ ವಿದ್ಯುತ್ ಪ್ರವಾಹ. ಇಂದಿನ ಮಾರುಕಟ್ಟೆಯ ಫಲಕಗಳಲ್ಲಿ ಹಲವು ಶೇಕಡ 20ಕ್ಕಿಂತ ಹೆಚ್ಚು ದಕ್ಷತೆ ಹೊಂದಿವೆ. ಒಂದೇ ಸಂಧಿಯ ಕೋಶಕ್ಕೆ ಸೈದ್ಧಾಂತಿಕ ಮಿತಿ ಸುಮಾರು ಶೇಕಡ 33. ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚುತ್ತದೆಯಾದರೂ ಫಲಕ ಕಾದಷ್ಟೂ ಅದರ ದಕ್ಷತೆ ಕುಗ್ಗುತ್ತದೆ.

ಹೋಲಿಕೆ

ದಕ್ಷತೆಯೊಂದನ್ನೇ ಅಳೆದರೆ ಸೌರಫಲಕವು ಎಲೆಗಿಂತ ಹತ್ತು ಪಟ್ಟಿಗೂ ಮುಂದಿದೆ. ಆದರೆ ಫಲಕದ ವಿದ್ಯುತ್ತು ಹೊತ್ತು ಮುಳುಗಿದೊಡನೆ ನಿಲ್ಲುತ್ತದೆ. ಇರುಳಿಗೆ ಬ್ಯಾಟರಿ ಮೊದಲಾದ ಸಂಗ್ರಹ ವ್ಯವಸ್ಥೆ ಬೇಕು. ಎಲೆಯಲ್ಲಿ ಹಿಡಿಯುವಿಕೆ ಮತ್ತು ಸಂಗ್ರಹ ಒಂದೇ ಕ್ರಿಯೆಯ ಎರಡು ಹಂತಗಳು. ಕಾಳು, ಕಟ್ಟಿಗೆ ಮತ್ತು ಪ್ರಾಚೀನ ಸಸ್ಯಗಳಿಂದಾದ ಕಲ್ಲಿದ್ದಲು ಇವೆಲ್ಲವೂ ಕೂಡಿಟ್ಟ ಬಿಸಿಲೇ. ಬಿಸಿಲಿನಿಂದ ಹಾನಿಗೊಂಡ ಪ್ರೋಟೀನುಗಳನ್ನು ಎಲೆ ತಾನೇ ಬದಲಿಸಿಕೊಳ್ಳುತ್ತದೆ. ಫಲಕವನ್ನು ಕಾರ್ಖಾನೆಯಲ್ಲಿ ತಯಾರಿಸಬೇಕು, ಧೂಳು ತೊಳೆಯಬೇಕು, ಸುಮಾರು 25ರಿಂದ 30 ವರ್ಷಗಳ ಬಳಿಕ ಅದರ ವಿಲೇವಾರಿಗೂ ದಾರಿ ಹುಡುಕಬೇಕು.

ಭೂಮಿಯ ಪ್ರಶ್ನೆ

ಎಲೆಗೂ ಫಲಕಕ್ಕೂ ಬೇಕಾದದ್ದು ಬಿಸಿಲು ಬೀಳುವ ನೆಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೌರ ಉದ್ಯಾನ ಇದಕ್ಕೆ ಉದಾಹರಣೆ. ಪದೇ ಪದೇ ಬರಕ್ಕೆ ತುತ್ತಾಗುವ, ಕಡಲೆಕಾಯಿ ಬೆಳೆಯುವ ಈ ಸೀಮೆಯ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ ಅದು ಹರಡಿದೆ. ಸ್ಥಾಪಿತ ಸಾಮರ್ಥ್ಯ 2,050 ಮೆಗಾವ್ಯಾಟ್. ಅಂದರೆ ಮೆಗಾವ್ಯಾಟಿಗೆ ಆರು ಎಕರೆಗಿಂತ ತುಸು ಹೆಚ್ಚು ನೆಲ. ಜಮೀನನ್ನು ಖರೀದಿಸದೆ ರೈತರಿಂದ ಗುತ್ತಿಗೆಗೆ ಪಡೆಯಲಾಗಿದ್ದು, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ನಿಗದಿಯಾಗಿತ್ತು. ಮಳೆ ಕೈಕೊಟ್ಟರೂ ಜಮೀನುದಾರನಿಗೆ ಈ ಆದಾಯ ತಪ್ಪುವುದಿಲ್ಲ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂರಹಿತರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ.

ಈ ಪೈಪೋಟಿಯನ್ನು ತಗ್ಗಿಸಲು ಫಲಕಗಳನ್ನು ಎತ್ತರದಲ್ಲಿ ಅಥವಾ ಅಂತರ ಬಿಟ್ಟು ನಿಲ್ಲಿಸಿ, ಕೆಳಗೆ ಬೆಳೆ ತೆಗೆಯುವ ಪದ್ಧತಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅರೆನೆರಳು ಸಹಿಸುವ ಸೊಪ್ಪು, ತರಕಾರಿಗಳು ಇದಕ್ಕೆ ಒಗ್ಗುತ್ತವೆ. ನೆರಳಿನಿಂದಾಗಿ ಮಣ್ಣಿನ ತೇವವೂ ಬೇಗ ಆರುವುದಿಲ್ಲ. ಕಟ್ಟಡಗಳ ಚಾವಣಿಯ ಮೇಲೆ ಅಳವಡಿಸುವ ಫಲಕಗಳಿಗಂತೂ ಪ್ರತ್ಯೇಕ ಭೂಮಿಯೇ ಬೇಕಿಲ್ಲ.