ಮಳೆ ಹೆಚ್ಚಿದ್ದರೆ ಮಾತ್ರ ಡೆಂಗಿಯೇ?

‘ಹಾನಗಲ್ ಕಡೆ ಮಳೆ, ಕೆರೆ, ಗದ್ದೆ ಜಾಸ್ತಿ, ಡೆಂಗಿ ಬಂದರೆ ಅಲ್ಲಿಗೇ ಬರಬೇಕು. ಸವಣೂರು, ಶಿಗ್ಗಾವಿಯ ಒಣ ನೆಲಕ್ಕೆ ಅದರ ಭಯವಿಲ್ಲ.’ ಹೀಗೆ ನಂಬಿದವರು ಅರ್ಧ ಸರಿ, ಅದಕ್ಕೇ ಈ ನಂಬಿಕೆ ಅಪಾಯದ್ದು. ಹಾನಗಲ್ ಅರೆಮಲೆನಾಡು, ನಿಜ. ಆದರೆ ಭತ್ತದ ಗದ್ದೆಯಲ್ಲಿ ಹೆಚ್ಚುವುದು ಮೆದುಳು ಜ್ವರ ಹರಡುವ ಕ್ಯೂಲೆಕ್ಸ್ ಸೊಳ್ಳೆ. ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್‌ಗೆ ಕೆರೆಯೂ ಬೇಡ, ಗಟಾರವೂ ಬೇಡ. ಅದು ಬಚ್ಚಲ ಮಗ್ಗುಲಿನ ಬ್ಯಾರಲ್, ಸಿಮೆಂಟಿನ ತೊಟ್ಟಿ, ದನಕ್ಕೆ ನೀರಿಡುವ ಬಾನಿ, ಹಿತ್ತಲಿನ ಹಳೇ ಟೈರು ಹುಡುಕುತ್ತದೆ.

ಹಾಗಾಗಿ ಮಳೆ ಕೈಕೊಟ್ಟ ವರ್ಷವೂ ಅದಕ್ಕೆ ಸುಗ್ಗಿಯೇ. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬಂದರೆ ಹಿರೇಕೆರೂರಿನ ಮನೆಯಾಕೆಯಾಗಲಿ, ಸವಣೂರಿನವಳಾಗಲಿ, ಇರುವ ಕೊಡ-ಬ್ಯಾರಲನ್ನೆಲ್ಲ ತುಂಬಿಡದೆ ಏನು ಮಾಡಿಯಾಳು? ಅವಳನ್ನು ದೂರುವುದು ಅನ್ಯಾಯ. ನೀರು ಸರಿಯಾಗಿ ಬಿಡುವುದೂ ಡೆಂಗಿ ತಡೆಯುವ ಕೆಲಸವೇ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವಾದವು. ಮರುವರ್ಷ, 2024ರ ಸೆಪ್ಟೆಂಬರಿನಲ್ಲಿ, ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಬರವೊಂದೇ ಅದಕ್ಕೆ ಕಾರಣವೆನ್ನಲಾಗದು. ಆದರೆ ಬರ ಬಂದರೆ ಡೆಂಗಿ ದೂರ ಎಂಬ ಮಾತು ನಿಲ್ಲುವುದಿಲ್ಲ.

‘ಬಿಸಿಲಿಗೆ ಸೊಳ್ಳೆ ಸಾಯುತ್ತದೆ’ ಎಂಬುದೂ ಪೂರ್ತಿ ನಿಜವಲ್ಲ. ಉರಿಬಿಸಿಲು ಅದಕ್ಕೆ ಆಗದು. ಆದರೆ ಈಡಿಸ್ ಮನೆಯೊಳಗೇ, ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಮರೆಯಲ್ಲಿ ತಂಪು ಕಂಡುಕೊಳ್ಳುತ್ತದೆ. ರೋಗಿಯನ್ನು ಕಚ್ಚಿದ ಸೊಳ್ಳೆ ಬೇರೆಯವರಿಗೆ ರೋಗ ದಾಟಿಸಲು ಸಾಮಾನ್ಯವಾಗಿ 8ರಿಂದ 12 ದಿನ ಬೇಕು. ಸೆಕೆ 30 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಆ ಅವಧಿ ಇನ್ನೂ ಕಡಿಮೆಯಾಗುತ್ತದೆ.

‘ವಾರಕ್ಕೊಮ್ಮೆ ನೀರು ಚೆಲ್ಲುತ್ತೇವಲ್ಲ?’ ಚೆಲ್ಲಿದರಷ್ಟೇ ಸಾಲದು. ಖಾಲಿಯಾದ ಬ್ಯಾರಲಿನೊಳಗೆ ಟಾರ್ಚ್ ಬಿಟ್ಟು ನೋಡಿ. ನೀರಿನ ಗೆರೆಯ ಆಸುಪಾಸಿನಲ್ಲಿ ಕರಿ ಚುಕ್ಕೆಗಳು ಅಂಟಿಕೊಂಡಿರಬಹುದು. ಈಡಿಸ್ ಮೊಟ್ಟೆ ಇಡುವುದು ಅಲ್ಲೇ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಮತ್ತೆ ನೀರು ತಾಗಿದೊಡನೆ ಮರಿಯಾಗುತ್ತವೆ. ತೆಂಗಿನ ನಾರಿನಿಂದ ಗೋಡೆಯನ್ನು ಗಸಗಸ ತಿಕ್ಕಿ, ತೊಳೆದ ನೀರನ್ನು ಒಣ ನೆಲಕ್ಕೆ ಚೆಲ್ಲಿ, ಆಮೇಲೆ ತುಂಬಿಸಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟಬೇಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಹಿಡಿಯುವುದರಿಂದ ವಾರ ತಪ್ಪಿಸಬಾರದು. ಓಣಿಯಲ್ಲಿ ಹೊಡೆಯುವ ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ಬ್ಯಾರಲಿನ ಮರಿಗಳಿಗೆ ಅದು ತಾಗುವುದೇ ಇಲ್ಲ.