ಕಾರು ಹಡಗೇರುವ ಮುನ್ನ

ವಿದೇಶದಿಂದ ಊರಿಗೆ ಮರಳುವವರು ಮನೆ ಖಾಲಿ ಮಾಡುವಾಗ ಸೋಫಾ ಮಾರ್ತಾರೆ, ಪಾತ್ರೆಪಡಗ ಹಂಚ್ತಾರೆ. ಕಾರಿನ ಸರದಿ ಬಂದಾಗ ಮಾತ್ರ ಮನಸ್ಸು ಹಿಂಜರಿಯುತ್ತದೆ. ‘ಇಲ್ಲಿ ಮಾರಿದ್ರೆ ನಷ್ಟ, ಹಡಗಿನಲ್ಲಿ ಕಳಿಸಿಬಿಡೋಣ’ ಎಂಬ ಮಾತು ಆಗ ಶುರುವಾಗುತ್ತದೆ.

ಬ್ರಿಟನ್‌ನಲ್ಲಿದ್ದ ನನ್ನ ತಂಗಿಯ ಸಂಸಾರ ಮೈಸೂರಿಗೆ ಮರಳಲು ನಿರ್ಧರಿಸಿದಾಗ ನಮ್ಮಲ್ಲೂ ಇದೇ ಚರ್ಚೆ ನಡೆಯಿತು. ಕಾರಿಗೆ ಆಗಿದ್ದು ಎರಡೇ ವರ್ಷ. ಮಗುವನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಅದರಲ್ಲೇ. “ಅಕ್ಕಾ, ಲೆಕ್ಕಾಚಾರ ನಿಂಗೆ ಚೆನ್ನಾಗಿ ಬರತ್ತೆ, ಒಂಚೂರು ನೋಡಿ ಹೇಳೇ” ಅಂದಳು. ಖರ್ಚು ಹೋಗಬೇಕಿದ್ದದ್ದು ಮೈಸೂರಿನಲ್ಲಿ ಮನೆ ಕೊಳ್ಳಲು ಕೂಡಿಟ್ಟ ಹಣದಿಂದ. ಹಾಗಾಗಿ ಕಾಗದ, ಪೆನ್ನು ಹಿಡಿದು ಕೂತೆ.

ಮೊದಲು ‘ಬರುತ್ತಾ?’, ಆಮೇಲೆ ‘ಎಷ್ಟು?’

ಎಲ್ಲರೂ ಮೊದಲು ಹಡಗಿನ ಬಾಡಿಗೆ ಕೇಳುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದ್ದು, ಆ ಕಾರು ನಮ್ಮ ದೇಶದೊಳಗೆ ಬರಬಹುದೇ ಅಂತ. ಬಳಸಿದ ಕಾರಿಗೆ ಭಾರತದ ನಿಯಮಗಳು ಬಿಗಿಯಾಗಿವೆ. ಸ್ಟೀರಿಂಗ್ ಬಲಗಡೆಗೇ ಇರಬೇಕು. ತಯಾರಾಗಿ ಮೂರು ವರ್ಷ ದಾಟಿರಬಾರದು. ಇನ್ನೂ ಕನಿಷ್ಠ ಐದು ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವಾಗಿರಬೇಕು. ಬರುವುದೂ ಮುಂಬೈ ಬಂದರಿನ ಮೂಲಕವೇ. ಮಂಗಳೂರಿಗೋ ಚೆನ್ನೈಗೋ ಇಳಿಸಿಕೊಳ್ಳೋಣ ಅಂದರೆ ಆಗದು.

ಅಂದರೆ ಅಮೆರಿಕ, ಜರ್ಮನಿ, ದುಬೈ, ಕತಾರ್‌ಗಳಿಂದ ಮರಳುವವರ ಲೆಕ್ಕ ಮೊದಲ ಸಾಲಿನಲ್ಲೇ ಮುಗಿಯಿತು. ಅಲ್ಲಿ ಸ್ಟೀರಿಂಗ್ ಎಡಗಡೆಗೆ. ಬ್ರಿಟನ್, ಆಸ್ಟ್ರೇಲಿಯ, ಸಿಂಗಪುರದವರಿಗೆ ಮಾತ್ರ ಮುಂದಿನ ಸಾಲು.

ತೆರಿಗೆಯ ಲೆಕ್ಕ

ತಂಗಿಯ ಗಂಡ ಅಂದುಕೊಂಡಿದ್ದು, “ವಾಪಸ್ ಬರೋರಿಗೆ ಕಸ್ಟಮ್ಸ್‌ನಲ್ಲಿ ರಿಯಾಯಿತಿ ಇದೆಯಲ್ಲ ಅಕ್ಕಾ?” ಅಂತ. ಇದೆ, ಆದರೆ ಅದು ವಾಷಿಂಗ್ ಮಷೀನ್, ಫ್ರಿಜ್‌ನಂಥ ಮನೆ ಸಾಮಾನಿಗೆ. ಕಾರಿಗೆ ಅನ್ವಯಿಸುವುದಿಲ್ಲ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಕಸ್ಟಮ್ಸ್‌ನವರು ನೀವು ಕೊಟ್ಟ ಬೆಲೆಯನ್ನಾಗಲೀ ಈಗಿನ ಸೆಕೆಂಡ್ ಹ್ಯಾಂಡ್ ಬೆಲೆಯನ್ನಾಗಲೀ ನೋಡುವುದಿಲ್ಲ. ಆ ಕಾರು ಹೊಸದಾಗಿದ್ದಾಗಿನ ಬೆಲೆಯಿಂದ ಸವಕಳಿ ಕಳೆಯುತ್ತಾರೆ: ಮೊದಲ ವರ್ಷಕ್ಕೆ ಶೇ 16, ಎರಡನೆಯದಕ್ಕೆ ಶೇ 12, ಮೂರನೆಯದಕ್ಕೆ ಶೇ 10. ಅದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸಿ ಬಂದ ಮೊತ್ತದ ಮೇಲೆ ಸುಂಕ.

ಸುಲಭವಾಗಲಿ ಅಂತ ದುಂಡು ಸಂಖ್ಯೆಯಲ್ಲಿ ಬರೆದೆ. ಹೊಸದಾಗಿದ್ದಾಗ 25 ಲಕ್ಷ ರೂಪಾಯಿ. ಎರಡು ವರ್ಷಕ್ಕೆ ಶೇ 28 ಕಳೆದರೆ 18 ಲಕ್ಷ. ಬಾಡಿಗೆ, ವಿಮೆಗೆ ಅಂದಾಜು 2 ಲಕ್ಷ ಸೇರಿಸಿ 20 ಲಕ್ಷ. ಬಳಸಿದ ಕಾರಿಗೆ ಕಸ್ಟಮ್ಸ್ ಸುಂಕ, ಸೆಸ್ ಎಲ್ಲ ಸೇರಿ ಶೇ 137.5, ಅಂದರೆ 27.5 ಲಕ್ಷ. ಒಟ್ಟು 47.5 ಲಕ್ಷ ಆಯಿತಲ್ಲ, ಅದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್‌ನಿಂದ ದೊಡ್ಡ ಕಾರುಗಳಿಗೆ ಅದು ಶೇ 40. ಹಾಗಾಗಿ ಇನ್ನೂ 19 ಲಕ್ಷ. 20 ಲಕ್ಷದ ಕಾರಿಗೆ ತೆರಿಗೆಯೇ 46.5 ಲಕ್ಷ!

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. “ಅದು ಮನೆಯ ಅಡ್ವಾನ್ಸ್ ದುಡ್ಡು ಕಣೇ” ಅಂದಳು ತಂಗಿ.

ಇಷ್ಟಕ್ಕೇ ನಿಲ್ಲುವುದಿಲ್ಲ. ಬಂದರಿನಲ್ಲಿ ಏಜೆಂಟರ ಶುಲ್ಕ, ತಡವಾದರೆ ದಿನದ ಲೆಕ್ಕದಲ್ಲಿ ಬಾಡಿಗೆ. ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆ. ಆಮೇಲೆ ನಮ್ಮ ಆರ್‌ಟಿಒ: 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಆ ಮಾಡೆಲ್ ಇಲ್ಲಿ ಮಾರಾಟದಲ್ಲಿ ಇಲ್ಲದಿದ್ದರೆ ಒಂದು ಕನ್ನಡಿ ಒಡೆದರೂ ಬಿಡಿಭಾಗಕ್ಕೆ ಕಾಯಬೇಕು. ಮಾರಲು ಹೊರಟರೆ ಕೊಳ್ಳುವವರೂ ಕಡಿಮೆ.

ಹೊರಗೆ ಹೋಗುವವರಿಗೆ

ಇಲ್ಲಿಂದ ಹೊರಡುವವರ ಲೆಕ್ಕ ಬೇರೆ. ಹೋಗುವ ದೇಶದ ನಿಯಮವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಬ್ರಿಟನ್‌ಗೆ ವಾಸ ಬದಲಿಸುವವರು 12 ತಿಂಗಳು ಹೊರದೇಶದಲ್ಲಿ ನೆಲೆಸಿದ್ದು, ಕಾರನ್ನು ಕನಿಷ್ಠ ಆರು ತಿಂಗಳು ಬಳಸಿದ್ದರೆ ಸುಂಕ ವಿನಾಯಿತಿ ಕೇಳಬಹುದು. ಆದರೆ ಒಯ್ದ ಮೇಲೆ ಒಂದು ವರ್ಷ ಮಾರುವಂತಿಲ್ಲ. 10 ವರ್ಷದೊಳಗಿನ ಕಾರಿಗೆ ಅಲ್ಲಿನ ತಾಂತ್ರಿಕ ಅನುಮೋದನೆಯೂ ಬೇಕು. ಆಸ್ಟ್ರೇಲಿಯಕ್ಕಾದರೆ ಹಡಗು ಹತ್ತಿಸುವ ಮೊದಲೇ ಆಮದು ಅನುಮತಿ ಕೈಯಲ್ಲಿರಬೇಕು. ಬಿಡಿಭಾಗಗಳಲ್ಲಿ ಕಲ್ನಾರು ಇರಕೂಡದು. ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ತಯಾರಾಗದ ಕಾರಿಗೆ 25 ವರ್ಷ ತುಂಬುವವರೆಗೆ ಅಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ.

ಯಾವುದು ನಷ್ಟ?

ನಮ್ಮನ್ನು ದಾರಿ ತಪ್ಪಿಸುವುದು ‘ಮಾರಿದ್ರೆ ನಷ್ಟ’ ಎಂಬ ಮಾತು. ಆ ನಷ್ಟ ಕಾರು ಶೋರೂಮಿನಿಂದ ಹೊರಬಂದ ದಿನವೇ ಶುರುವಾಗಿರುತ್ತದೆ. ಹಡಗಿನಲ್ಲಿ ತಂದರೆ ಅದು ವಾಪಸ್ ಬರುವುದಿಲ್ಲ. ಹೋಲಿಸಬೇಕಾದ್ದು ಅಲ್ಲಿ ಕೊಟ್ಟ ಬೆಲೆ ಜೊತೆ ಅಲ್ಲ. ಒಂದು ಕಡೆ, ತರುವ ಒಟ್ಟು ಖರ್ಚು ಮತ್ತು ಅಲ್ಲಿ ಮಾರಿದ್ದರೆ ಸಿಗುತ್ತಿದ್ದ ಹಣ. ಇನ್ನೊಂದು ಕಡೆ, ಅಂಥದೇ ಕಾರು ಇಲ್ಲಿ ಕೊಳ್ಳುವ ಬೆಲೆ. ಎರಡನ್ನೂ ಅಕ್ಕಪಕ್ಕ ಬರೆದರೆ ಜಗಳ ತಾನಾಗಿಯೇ ನಿಲ್ಲುತ್ತದೆ.

ತಂಗಿ ಕಾರನ್ನು ಅಲ್ಲೇ ಮಾರಿದಳು. ಮನೆಯ ಅಡ್ವಾನ್ಸ್ ಹಾಗೇ ಉಳಿಯಿತು. ಮಗುವಿನ ಸೀಟು ಮಾತ್ರ ಮನೆ ಸಾಮಾನಿನ ಜೊತೆ ಬಂತು. ಅದಕ್ಕೆ ಯಾರೂ ಸುಂಕ ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಈ ಮಾತು ಎದ್ದಿದ್ದರೆ ಒಂದು ಕಿವಿಮಾತು. ಸುಂಕದ ದರ ಬಜೆಟ್ಟಿಗೊಮ್ಮೆ ಬದಲಾಗಬಹುದು. ಹಡಗಿನ ಕಂಪನಿಗೆ ಮುಂಗಡ ಕೊಡುವ ಮೊದಲು ಕಸ್ಟಮ್ಸ್ ಹಾಗೂ ವಿದೇಶ ವ್ಯಾಪಾರ ನಿರ್ದೇಶನಾಲಯದ ಆ ವಾರದ ನಿಯಮ ನೋಡಿ, ಏಜೆಂಟರಿಂದ ಒಟ್ಟು ಮೊತ್ತವನ್ನು ಬರವಣಿಗೆಯಲ್ಲೇ ಪಡೆಯಿರಿ. ‘ಎಲ್ಲಾ ನಾವು ನೋಡ್ಕೋತೀವಿ ಸಾರ್’ ಎಂಬ ಭರವಸೆ ಮುಂಬೈ ಬಂದರಿನಲ್ಲಿ ಸುಂಕ ಕಟ್ಟುವುದಿಲ್ಲ.